ಅಡುಗೆಮನೆಯ ಹಿಂದಿನ ಹೊಲ

2023ನೆಯ ಇಸವಿಯ ಜುಲೈ ತಿಂಗಳ ಎರಡನೆಯ ವಾರವನ್ನು ದಿಲ್ಲಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳು ಸುಲಭವಾಗಿ ಮರೆಯಲಾರರು. ಟೊಮೆಟೊ ಕಿಲೋಗೆ ನೂರೈವತ್ತು ರೂಪಾಯಿ ದಾಟಿ, ಕೆಲವೆಡೆ ಇನ್ನೂರನ್ನೂ ಮುಟ್ಟಿತ್ತು. ಸಾರಿಗೆ ಹುಣಸೆಹಣ್ಣನ್ನು ಹೆಚ್ಚಿಸಿರೆಂದೂ ಕೆಂಪು ಚಟ್ನಿಯನ್ನು ಕೇಳಿದವರಿಗೆ ಮಾತ್ರ ಕೊಡಿರೆಂದೂ ಅಡುಗೆಮನೆಗಳಲ್ಲಿ ಅಪ್ಪಣೆಯಾಯಿತು. ಪರದೇಶದ ಹೆಸರು ಹೊತ್ತ ಒಂದು ದೊಡ್ಡ ತಿಂಡಿ ಕಂಪೆನಿಯೇ ತನ್ನ ಅಂಗಡಿಗಳಲ್ಲಿ ಟೊಮೆಟೊ ಇಲ್ಲವೆಂದು ಚೀಟಿ ಅಂಟಿಸಬೇಕಾಯಿತು. ಜುಲೈ 13ರಂದು ಯಮುನೆ ಹಳೆಯ ರೈಲು ಸೇತುವೆಯ ಬಳಿ 208.66 ಮೀಟರಿಗೆ ಏರಿ, 1978ರ 207.49 ಮೀಟರಿನ ದಾಖಲೆಯನ್ನು ಮುರಿಯಿತು. ಮರುದಿನ, 14ರಂದು, ಕೇಂದ್ರ ಸರ್ಕಾರದ ಏರ್ಪಾಡಿನ ಮೇಲೆ ಸಹಕಾರಿ ಸಂಸ್ಥೆಯ ಗಾಡಿಗಳು ಬೀದಿಗಿಳಿದು ಕಿಲೋಗೆ 90 ರೂಪಾಯಿಯಂತೆ ಟೊಮೆಟೊ ಮಾರತೊಡಗಿದವು. ಆ ಹಣ್ಣು ಬಂದದ್ದು ಆಂಧ್ರದ ಮದನಪಲ್ಲಿಯಿಂದ, ಮಹಾರಾಷ್ಟ್ರದಿಂದ, ಮತ್ತು ನಮ್ಮ ಕೋಲಾರದಿಂದ.

ಕೋಲಾರದ ಹಣ್ಣು ಎರಡು ಸಾವಿರ ಕಿಲೋಮೀಟರು ದಾಟಿ ಬಂದು ರಾಜಧಾನಿಯ ಮಾನ ಉಳಿಸಿತೆಂದು ನಮ್ಮವರಲ್ಲಿ ಕೆಲವರು ಹೆಮ್ಮೆಪಟ್ಟರು. ಪಡಲಿ, ತಪ್ಪಲ್ಲ. ಅದೇ ಕೋಲಾರದ ರೈತ ಬೇರೊಂದು ತಿಂಗಳಲ್ಲಿ ಕೊಯ್ಲಿನ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆಗೆ ಸುರಿಯುವುದನ್ನೂ ನಾವು ಬಲ್ಲೆವು. ಆದರೆ ಆ ವಾರ ನಮ್ಮ ಹೋಟೆಲುಗಳಿಂದ ಕೂಗಳತೆಯೆನ್ನಬಹುದಾದ ದೂರದಲ್ಲಿ ಇನ್ನೊಂದು ಸಂಗತಿ ನಡೆಯಿತು. ಯಮುನೆಯ ಬಯಲಿನಲ್ಲಿ ತರಕಾರಿ ಬೆಳೆಯುತ್ತಿದ್ದ ಸಂಸಾರಗಳು ಸೋರೆಯ ಚಪ್ಪರ, ಬೆಂಡೆಯ ಸಾಲು, ಪಂಪು, ಗುಡಿಸಲು ಎಲ್ಲವನ್ನೂ ನೀರಿಗೆ ಬಿಟ್ಟು, ದನಕರುಗಳೊಡನೆ ಮಯೂರ ವಿಹಾರದ ರಸ್ತೆಯ ಬದಿಗೆ ಬಂದು ಕುಳಿತವು. ಟೊಮೆಟೊ ಬೆಲೆ ಏರಿದ್ದು ಈ ಪ್ರವಾಹದಿಂದಲ್ಲ. ಅದು ಮೊದಲೇ ಏರಿತ್ತು, ಬೆಳೆಯುವ ಸೀಮೆಗಳ ಬಿಸಿಲು ಮಳೆಗಳ ಏರುಪೇರಿನಿಂದ. ಆದರೆ ಎರಡು ಸಾವಿರ ಕಿಲೋಮೀಟರು ದೂರದ ಹಣ್ಣಿಗೆ ಗಾಡಿ ಗೊತ್ತುಮಾಡಿದ ನಗರ, ಎರಡು ಕಿಲೋಮೀಟರು ದೂರದ ರೈತನನ್ನು ಆ ವಾರ ಕಂಡದ್ದು ನೆರೆ ಸಂತ್ರಸ್ತನೆಂದು ಮಾತ್ರ. ಇವನು ನಮಗೆ ಉಣಿಸುವವನು ಎಂದು ಯಾರೂ ಹೇಳಲಿಲ್ಲ. ಬೆಳಗಿನ ಜಾವ ಅವನ ಮೂಲಂಗಿಯನ್ನೇ ಹೆಚ್ಚುವ ನಾವೂ ಹೇಳಲಿಲ್ಲ. ಈ ಸಂಪಾದಕೀಯವನ್ನು ಬರೆಯುವುದಕ್ಕೆ ಅದೇ ಕಾರಣ.

ಹತ್ತಿರದಲ್ಲಿ ಬೆಳೆದದ್ದನ್ನು ಉಣ್ಣಬೇಕು, ಸಣ್ಣ ಹಿಡುವಳಿಯ ಬೇಸಾಯವನ್ನು ಉಳಿಸಬೇಕು ಎಂಬ ಮಾತು ಈಚೆಗೆ ದಿಲ್ಲಿಯಲ್ಲಿ ಬಹಳ ಕೇಳಿಬರುತ್ತಿದೆ. ಕೇಳಿಬರುವುದು ಮಾತ್ರ ದೊಡ್ಡ ದೊಡ್ಡ ಮನೆಗಳಿಂದ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅದನ್ನು ಸೂಚಿಸಿದ್ದು ನಮ್ಮ ದೇಶವೇ. ಅದೇ ವರ್ಷದ ಸೆಪ್ಟೆಂಬರ್ 9ರಂದು ಭಾರತ ಮಂಟಪದಲ್ಲಿ ಜಿ-20 ರಾಷ್ಟ್ರಗಳ ಮುಖಂಡರಿಗೆ ನಡೆದ ಔತಣದಲ್ಲಿ ಸಾಮೆಯ ತಿನಿಸನ್ನು ಬಡಿಸಿದರು. ನಮ್ಮ ಸಂಘದ ಸದಸ್ಯರಲ್ಲಿ ಎಷ್ಟೋ ಜನರ ತಾಯಂದಿರು ಸಾಮೆ ನವಣೆ ಉಂಡದ್ದು ಅಕ್ಕಿ ಕೊಳ್ಳಲು ದುಡ್ಡಿಲ್ಲದೆ. ಬಡತನದ ಗುರುತಾಗಿದ್ದ ಕಾಳು ಈಗ ಬೆಳ್ಳಿಯ ತಟ್ಟೆಗೆ ಏರಿದೆ. ನಮಗೆ ಸಂತೋಷವೇ. ಆದರೆ 2024-25ರ ಸಾಲಿಗೆ ರಾಗಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಎಂದರೆ ಕಿಲೋಗೆ ನಲವತ್ತಮೂರು ರೂಪಾಯಿಯೊಳಗೆ. ದಕ್ಷಿಣ ದಿಲ್ಲಿಯ ಅಂದದ ಅಂಗಡಿಯಲ್ಲಿ ಅದೇ ರಾಗಿಯ ಹಿಟ್ಟು ಬಣ್ಣದ ಪೊಟ್ಟಣ ತೊಟ್ಟು ಇದರ ಎರಡು ಪಟ್ಟಿಗೂ ಮೀರಿ ಬೆಲೆ ಕೇಳುತ್ತದೆ. ನಡುವಿನ ಹಣ ಬೆಳೆದವನಿಗಿಲ್ಲ, ಉಣ್ಣಬೇಕಾದ ನಮಗೆ ಹಿಟ್ಟೂ ಇಲ್ಲ. ಹೀಗಿರಲಾಗಿ ಸ್ಥಳೀಯ ಆಹಾರದ ಮಾತೆಂದರೆ ಉಳ್ಳವರ ಹವ್ಯಾಸವೆಂದು ಕಾರ್ಮಿಕ ಬಂಧುಗಳು ಮೂಗು ಮುರಿದರೆ ಆಶ್ಚರ್ಯವಿಲ್ಲ. ನಾವೂ ಹಾಗೆಯೇ ಮುರಿದವರು.

ನಮ್ಮ ಅಭಿಪ್ರಾಯವನ್ನು ತಿದ್ದಿದವರು ಕಾಸರಗೋಡಿನ ಒಬ್ಬ ಬೇಸಾಯಗಾರರು. ನೆಟ್ಟಣಿಗೆಯ ಶ್ರೀ ಸತ್ಯನಾರಾಯಣ ಬೇಲೇರಿಯವರಿಗೆ 2024ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಗಡಿನಾಡಿನ ಸಾಮಾನ್ಯ ರೈತನೊಬ್ಬ ಕೋಟು ಬೂಟುಗಳ ನಡುವೆ ಈ ಗೌರವಕ್ಕೆ ಪಾತ್ರನಾದದ್ದು ಕನ್ನಡಿಗರಿಗೆಲ್ಲ ಸಲ್ಲುವ ಮಾತು. ಅವರು ಮಾಡಿದ ಕೆಲಸವನ್ನು ಹೇಳಲು ಒಂದು ವಾಕ್ಯ ಸಾಕು: 650ಕ್ಕೂ ಹೆಚ್ಚು ಬಗೆಯ ನಾಡಭತ್ತಗಳ ಬೀಜವನ್ನು ಉಳಿಸಿದ್ದಾರೆ. ಆದರೆ ಅದನ್ನು ಮಾಡಲು ಏನೇನು ಬೇಕೆಂಬುದನ್ನು ಗದ್ದೆಗಿಳಿದವರು ಮಾತ್ರ ಬಲ್ಲರು.

ಭತ್ತದ ಬೀಜ ಬಂಗಾರದಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ವಸ್ತುವಲ್ಲ. ಕರಾವಳಿಯ ಹಸಿ ಹವೆಯಲ್ಲಿ ಅದರ ಮೊಳೆಯುವ ಶಕ್ತಿ ಬೇಗನೆ ಕುಂದುತ್ತದೆ. ಆದುದರಿಂದ ಮತ್ತೆ ಮತ್ತೆ ಬಿತ್ತಬೇಕು, ಬೆಳೆಯಬೇಕು, ಕೊಯ್ದು ಒಣಗಿಸಿ ಮತ್ತೆ ಬಿತ್ತಬೇಕು. ಒಂದು ತಳಿ ಇನ್ನೊಂದರೊಡನೆ ಬೆರೆಯದಂತೆ ಕಾಯಬೇಕು. ಹಕ್ಕಿಗೆ, ಇಲಿಗೆ, ಅಕಾಲದ ಮಳೆಗೆ ಹೆದರಬೇಕು. ಆರುನೂರು ತಳಿಗೆ ಆರುನೂರು ಗದ್ದೆ ಯಾವ ಜಮೀನ್ದಾರನಲ್ಲೂ ಇಲ್ಲ. ಬೇಲೇರಿಯವರು ಕಂಡುಕೊಂಡ ಉಪಾಯ ಮಣ್ಣು ತುಂಬಿದ ಚೀಲಗಳದು. ಒಂದೊಂದು ಚೀಲದಲ್ಲಿ ಒಂದೊಂದು ತಳಿಯ ಬುಡ, ಅದಕ್ಕೊಂದು ಗುರುತು. ನೋಡುವವರಿಗೆ ಹುಡುಗಾಟದಂತೆ ಕಾಣಬಹುದು. ಸಂಶೋಧನಾಲಯಗಳು ತಂಪು ಕೋಣೆಗಳಲ್ಲಿ ಮಾಡುವ ಕಾರ್ಯವನ್ನು ಈತ ಮನೆಯಂಗಳದ ಚೀಲಗಳಲ್ಲಿ ಸಾಧಿಸಿದರು. ಅಷ್ಟಕ್ಕೇ ನಿಲ್ಲದೆ ಬೀಜವನ್ನು ರೈತರಿಗೆ ಹಂಚಿದರು. ರಾಜಕಯಮೆಯೆಂಬ ಭತ್ತ ಕೇರಳ, ಕರ್ನಾಟಕ, ತಮಿಳುನಾಡುಗಳ ಹೊಲಗಳಿಗೆ ಹೋದದ್ದು ಇವರ ಕೈಯಿಂದ.

ಇದರಿಂದ ಹೋಟೆಲಿನ ಹುಡುಗನಿಗೇನಾಯಿತು ಎಂದು ಯಾರಾದರೂ ಕೇಳಬಹುದು. ದೋಸೆಯ ಹಿಟ್ಟಿಗೆ ಯಾವ ಅಕ್ಕಿ ಆಗುತ್ತದೆ, ಯಾವುದು ಆಗುವುದಿಲ್ಲವೆಂಬುದನ್ನು ರುಬ್ಬುವವನ ಕೈಗಿಂತ ಚೆನ್ನಾಗಿ ಯಾವ ಪಂಡಿತನೂ ಹೇಳಲಾರ. ಕುಚ್ಚಲಕ್ಕಿ ಬೇರೆ, ಇಡ್ಲಿಯ ಅಕ್ಕಿ ಬೇರೆ, ಹಬ್ಬದ ಪಾಯಸದ ಅಕ್ಕಿ ಬೇರೆ, ಬಾಣಂತಿಗೆ ಗಂಜಿ ಕಾಯಿಸುವ ಅಕ್ಕಿಯೇ ಬೇರೆ. ಈ ವಿವೇಕವೆಲ್ಲ ಹುಟ್ಟಿದ್ದು ಅಡುಗೆಮನೆಯಲ್ಲಿ. ಅಡುಗೆಮನೆಗೆ ಅದು ಬಂದದ್ದು ಸಣ್ಣ ಸಣ್ಣ ಗದ್ದೆಗಳಿಂದ. ಬಯಲುಗದ್ದೆಗೊಂದು ಭತ್ತ, ಮಜಲಿಗೊಂದು, ಬೆಟ್ಟಿಗೊಂದು ಎಂದು ಕರಾವಳಿಯ ರೈತ ವಿಂಗಡಿಸಿಟ್ಟಿದ್ದ. ಸಾವಿರಾರು ಎಕರೆಯ ಒಡೆಯನಿಗೆ ಈ ತಂಟೆ ಬೇಡ. ಅವನಿಗೆ ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಲಾರಿ ಸಾಕು. ತಳಿಗಳನ್ನು ಕಾಯ್ದದ್ದು ಸಣ್ಣವನು. ನಮ್ಮ ಅಡುಗೆಯ ಕಸಬು ನಿಂತಿರುವುದು ಆ ಸಣ್ಣವನ ಮೇಲೆ.

ಪ್ರಶಸ್ತಿಗಳನ್ನು ಕೊಡುವ ರಾಷ್ಟ್ರಪತಿ ಭವನದಿಂದ ಪೂರ್ವಕ್ಕೆ ಏಳೆಂಟು ಕಿಲೋಮೀಟರು ನಡೆದರೆ ಯಮುನೆ ಸಿಗುತ್ತದೆ. ಹೊಳೆಯ ಎರಡೂ ಬದಿಯ ಮೆಕ್ಕಲು ಬಯಲಿಗೆ ಇಲ್ಲಿಯವರು ಖಾದರ್ ಎನ್ನುತ್ತಾರೆ. ಚಳಿಗಾಲದ ಬೆಳಿಗ್ಗೆ ಮಂಜು ಸರಿದ ಮೇಲೆ ಆ ಬಯಲನ್ನು ನೋಡಬೇಕು. ಪಾಲಕು, ಮೆಂತ್ಯ, ಮೂಲಂಗಿ, ಹೂಕೋಸು, ಬದಿಯಲ್ಲಿ ಗೋಧಿ, ಇನ್ನೊಂದು ಬದಿಯಲ್ಲಿ ಚೆಂಡುಹೂವು. ಬೇಸಗೆಯಲ್ಲಿ ಮರಳ ಮೇಲೆ ಸೌತೆ, ಕಲ್ಲಂಗಡಿ. ಬೆಳೆಯುವವರಲ್ಲಿ ಬಹಳ ಮಂದಿ ಉತ್ತರ ಪ್ರದೇಶದ ಬದಾಯೂಂ ಕಡೆಯವರು, ಬಿಹಾರದವರು. ಹಳೆಯ ದಿಲ್ಲಿಯ ಕುಟುಂಬಗಳೂ ಇವೆ. ಗುಡಿಸಲಲ್ಲಿ ವಾಸ, ವಿದ್ಯುತ್ತಿಲ್ಲ, ಮಕ್ಕಳು ಶಾಲೆಗೆ ಹೋಗಬೇಕಾದರೆ ಮಣ್ಣಿನ ದಾರಿ. ವರ್ಷಕ್ಕೆ ಇಷ್ಟೆಂದು ಗೇಣಿ ಕೊಟ್ಟು ಬೆಳೆಯುತ್ತಾರೆ. ಗೇಣಿಗೆ ರಸೀದಿಯಿಲ್ಲ, ಬಾಯಿಮಾತೇ ಕಾಗದ.

ಈ ಬೇಸಾಯ ನಿನ್ನೆ ಮೊನ್ನೆಯದಲ್ಲ. 1949ರಲ್ಲಿ, ಅನ್ನಕ್ಕೆ ತತ್ವಾರವಿದ್ದ ಕಾಲದಲ್ಲಿ, ದಿಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟು ತಾನೇ ಮುಂದಾಗಿ ಈ ಬಯಲನ್ನು ರೈತರ ಸಹಕಾರಿ ಸಂಘಕ್ಕೆ ಗುತ್ತಿಗೆಗೆ ಕೊಟ್ಟಿತು. ಸಂಘದ ಹೆಸರು ದಿಲ್ಲಿ ಪೆಸೆಂಟ್ಸ್ ಕೋಆಪರೇಟಿವ್ ಮಲ್ಟಿಪರ್ಪಸ್ ಸೊಸೈಟಿ. ನಗರ ಉಣ್ಣಬೇಕು, ನೀವು ಬೆಳೆಯಿರಿ ಎಂದು ಕರೆದು ಕೊಟ್ಟ ನೆಲ ಅದು. 1957ರಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿ ಟ್ರಸ್ಟಿನ ಆಸ್ತಿಗೆ ವಾರಸುದಾರನಾಯಿತು. ನಗರ ಬೆಳೆಯಿತು, ನೆಲದ ಬೆಲೆ ಬೆಳೆಯಿತು, ಬಯಲಿನ ರೈತ ಅತಿಕ್ರಮಣಕಾರನೆಂಬ ಹೆಸರು ಪಡೆದ. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಅದೇ ಬಯಲಿನಲ್ಲಿ ಗೋಪುರದಂಥ ಮನೆಗಳು ಎದ್ದವು, ಅವು ಅತಿಕ್ರಮಣವೆನಿಸಲಿಲ್ಲ. ಆಮೇಲಿನ ವರ್ಷಗಳಲ್ಲಿ ಉದ್ಯಾನಗಳು, ಬಿದಿರು ವನಗಳು, ನಡೆದಾಡುವ ಹಾದಿಗಳು ಬಂದವು. ಉದ್ಯಾನ ಬೇಡವೆಂದು ನಾವು ಹೇಳುವುದಿಲ್ಲ. ಭಾನುವಾರ ಒಂದು ಗಂಟೆ ಬಿಡುವು ಸಿಕ್ಕಿದರೆ ನಾವೂ ಹೋಗಿ ಹುಲ್ಲಿನ ಮೇಲೆ ಕೂರುವವರೇ. ಆದರೆ ಪಾಲಕಿನ ಮಡಿಯನ್ನು ಅಗೆದು ಹುಲ್ಲಿನ ಹಾಸು ಹಾಸುವುದಕ್ಕೆ ಪ್ರಕೃತಿಯ ರಕ್ಷಣೆ ಎಂದು ಹೆಸರಿಟ್ಟರೆ ಒಪ್ಪುವುದು ಕಷ್ಟ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 2015ರ ಜನವರಿ 13ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಯಮುನೆ ಶುದ್ಧವಾಗುವ ತನಕ ಈ ಬಯಲಿನಲ್ಲಿ ಉಣ್ಣುವ ಬೆಳೆಯನ್ನು ಬೆಳೆಯಕೂಡದೆಂದು ತೀರ್ಪು ಕೊಟ್ಟಿತು. ಬಯಲಿನ ತರಕಾರಿಯಲ್ಲಿ ಸೀಸ ಮೊದಲಾದ ಲೋಹಗಳಿವೆಯೆಂದು ಪರೀಕ್ಷೆಗಳು ತೋರಿಸಿದ್ದವು. ಇದನ್ನು ಸುಳ್ಳೆನ್ನುವುದು ನಮ್ಮ ಕೆಲಸವಲ್ಲ. ವಿಷವಿದ್ದರೆ ಅದನ್ನು ಮೊದಲು ಉಣ್ಣುವವನು ಬೆಳೆದ ರೈತ, ಎರಡನೆಯವನು ಅಗ್ಗದ ಸೊಪ್ಪನ್ನೇ ಹುಡುಕುವ ಕೂಲಿಕಾರ. ಆದುದರಿಂದ ಮಣ್ಣು ನೀರುಗಳ ಪರೀಕ್ಷೆ ನಡೆಯಲೇಬೇಕು. ಯಾವ ಭಾಗದಲ್ಲಿ ಬೆಳೆಯಬಹುದು, ಎಲ್ಲಿ ಕೂಡದು ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ನಾವು ಕೇಳುವ ಪ್ರಶ್ನೆ ಬೇರೆ. ನದಿಯನ್ನು ಕೊಳೆ ಮಾಡಿದವರು ಯಾರು? ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿಲೋಮೀಟರು ಇಡೀ ನದಿಯ ಉದ್ದದ ನೂರರಲ್ಲಿ ಎರಡು ಪಾಲೂ ಇಲ್ಲ. ನದಿಯ ಕೊಳೆಯಲ್ಲಿ ಮುಕ್ಕಾಲು ಪಾಲು ಸೇರುವುದು ಅಷ್ಟರೊಳಗೇ. ನಜಫಗಢದ ಮಹಾಚರಂಡಿಯೊಂದೇ ಸಾಕು ಹೊಳೆಯನ್ನು ಕೊಲ್ಲಲು. ಅದರಲ್ಲಿ ಹರಿಯುವುದು ಬಂಗಲೆಯ ಬಚ್ಚಲು, ಕಾರಖಾನೆಯ ಬಣ್ಣ. ನಮ್ಮ ಹೋಟೆಲುಗಳ ತೊಳೆದ ನೀರೂ ಅದೇ ಹೊಳೆಗೆ. ಮೂಲಂಗಿ ಬೆಳೆದವನು ಹೊಳೆಗೆ ಸೀಸ ಸುರಿದವನಲ್ಲ. ತಪ್ಪು ಮಾಡಿದವನಿಗೆ ನೋಟೀಸು, ತಪ್ಪಿನ ಫಲ ಉಂಡವನಿಗೆ ಬುಲ್ಡೋಜರು ಎಂಬುದು ಯಾವ ನ್ಯಾಯ?

ಈ ನ್ಯಾಯದ ರುಚಿಯನ್ನು ಮಿಲ್ಲಿನ ಬಂಧುಗಳು ಮೊದಲೇ ನೋಡಿದ್ದಾರೆ. 1996ರ ಜುಲೈಯಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ 168 ಕಾರಖಾನೆಗಳನ್ನು ನವೆಂಬರು ಮುಗಿಯುವುದರೊಳಗೆ ನಗರದಿಂದ ತೆರವು ಮಾಡಬೇಕೆಂದು ಅಪ್ಪಣೆ ಮಾಡಿತು. ಬಿರ್ಲಾ ಮಿಲ್ಲು, ಸ್ವತಂತ್ರ ಭಾರತ ಮಿಲ್ಲು ಎರಡೂ ಆ ಪಟ್ಟಿಯಲ್ಲಿದ್ದವು. ಅದಕ್ಕೂ ಮುಂಚೆ 1889ರಷ್ಟು ಹಳೆಯದಾದ ದಿಲ್ಲಿ ಕ್ಲಾತ್ ಮಿಲ್ಲು ಬಾಗಿಲು ಹಾಕಿಕೊಂಡಿತ್ತು. ಹೊಗೆ ನಿಲ್ಲಬೇಕು, ಗಾಳಿ ತಿಳಿಯಾಗಬೇಕು ಎಂಬುದು ಕಾರಣ. ಕಾರಣ ಒಳ್ಳೆಯದೇ. ಮಗ್ಗದ ಮುಂದೆ ನಿಂತವನು ಮನೆಗೆ ಹೋದ; ಮಿಲ್ಲಿನ ನೆಲದ ಬೆಲೆ ಏರಿತು; ಗಾಳಿ ತಿಳಿಯಾಯಿತೇ ಎಂಬುದನ್ನು ನವೆಂಬರು ತಿಂಗಳಲ್ಲಿ ಓಖ್ಲಾದಲ್ಲೋ ಫರೀದಾಬಾದಿನಲ್ಲೋ ಬಸ್ಸಿಗೆ ಕಾಯುವ ನಮ್ಮ ಬಂಧುಗಳ ಕೆಮ್ಮನ್ನು ಕೇಳಿದರೆ ಸಾಕು. ಶುದ್ಧಿಯ ಬೆಲೆಯನ್ನು ಯಾವಾಗಲೂ ದುಡಿಯುವವನ ಕಿಸೆಯಿಂದಲೇ ವಸೂಲು ಮಾಡುವುದು ಈ ನಗರಕ್ಕೆ ರೂಢಿಯಾಗಿಬಿಟ್ಟಿದೆ. ಅಂದು ಮಿಲ್ಲಿನವನು, ಇಂದು ಬಯಲಿನವನು. ಕಮಲಾನಗರದ ಹತ್ತಿರ ಬಿರ್ಲಾ ಮಿಲ್ಲಿದ್ದ ಜಾಗಕ್ಕೆ ಸಬ್ಜಿಮಂಡಿಯೆಂದೇ ಹೆಸರು. 1977ರಲ್ಲಿ ಆಜಾದಪುರದ ಮಂಡಿ ಬರುವ ತನಕ ಸಗಟು ತರಕಾರಿಯ ಪೇಟೆ ಅಲ್ಲೇ ಇತ್ತು. ಮಿಲ್ಲಿನ ಸೀಟಿಯೂ ತರಕಾರಿಯ ಗಾಡಿಯೂ ಒಂದೇ ಬೀದಿಯಲ್ಲಿ ಎದುರಾಗುತ್ತಿದ್ದ ಕಾಲವದು.

ಇನ್ನು ಗೇಣಿಯ ಮಾತು. ಖಾದರಿನ ರೈತನ ಸ್ಥಿತಿಯನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕುಂದಾಪುರ, ಕಾರ್ಕಳ, ಪುತ್ತೂರು ಕಡೆಯಿಂದ ಬಂದ ನಮ್ಮ ಸದಸ್ಯರ ಅಜ್ಜಂದಿರು ಏನಾಗಿದ್ದರು? ಚಾಲಗೇಣಿಯ ಒಕ್ಕಲು. ಧಣಿ ಏಳೆಂದರೆ ಏಳಬೇಕು, ಕೂರೆಂದರೆ ಕೂರಬೇಕು. ನೆಟ್ಟ ತೆಂಗಿನಮರವೂ ತನ್ನದಲ್ಲ. ಕಾಸರಗೋಡಿನಲ್ಲಿ 1970ರ ಜನವರಿ 1ರಿಂದ, ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ದೇವರಾಜ ಅರಸರ ಕಾಲದಲ್ಲಿ ಡಿಕ್ಲರೇಷನ್ ಬರೆಸಲು ತಾಲೂಕು ಕಚೇರಿಯ ಮುಂದೆ ಸಾಲು ನಿಂತದ್ದನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ಬಾಯಿಮಾತು ಕಾಗದವಾದ ದಿನ ಅದು. ಒಂದೆಕರೆ, ಅರ್ಧ ಎಕರೆ ಸಿಕ್ಕಿದ್ದರಿಂದಲೇ ಮನೆಗಳು ನಿಂತವು, ಮಕ್ಕಳು ಓದಿದರು. ಭೂಮಿ ಕಳೆದುಕೊಂಡ ಮನೆಯ ಮಕ್ಕಳೂ ನಮ್ಮ ಸಂಘದಲ್ಲಿದ್ದಾರೆ. ಹೋಟೆಲಿನ ಗಲ್ಲದ ಮೇಲೆ ಕುಳಿತವರಲ್ಲೂ ಇದ್ದಾರೆ. ಅವರ ನೋವೂ ಸುಳ್ಳಲ್ಲ. ಆದರೂ ಉಳುವವನಿಗೆ ಒಂದು ಕಾಗದವಿರಬೇಕೆಂಬುದನ್ನು ಅವರೂ ಈಗ ಅಲ್ಲಗಳೆಯಲಾರರೆಂದು ನಂಬಿದ್ದೇವೆ. ಅಜ್ಜ ಪಡೆದ ನ್ಯಾಯವನ್ನು ಬದಾಯೂಂ ಕಡೆಯ ಗೇಣಿದಾರನಿಗೆ ಬೇಡವೆನ್ನಲು ಮೊಮ್ಮಕ್ಕಳಿಗೆ ಬಾಯಿ ಬರಬಾರದು.

ಆ ಅರ್ಧ ಎಕರೆಯ ವಿಷಯವಾಗಿಯೇ ಇನ್ನೊಂದು ಮಾತು. ಇದು ನಮ್ಮ ಮನೆಯ ಮಾತು, ಸ್ವಲ್ಪ ಖಾರವಾಗಿದ್ದರೆ ಬಂಧುಗಳು ಮನ್ನಿಸಬೇಕು. 2020ರಲ್ಲಿ ಕರ್ನಾಟಕ ಸರ್ಕಾರ ಭೂಸುಧಾರಣಾ ಕಾಯಿದೆಯನ್ನು ತಿದ್ದಿ, ಬೇಸಾಯಗಾರರಲ್ಲದವರೂ ಬೇಸಾಯದ ಭೂಮಿಯನ್ನು ಕೊಳ್ಳುವಂತೆ ಮಾಡಿತು. ಅಂದಿನಿಂದ ಊರಿನಿಂದ ಬರುವ ಫೋನುಗಳಲ್ಲಿ ಒಂದು ಹೊಸ ರಾಗ ಕೇಳುತ್ತಿದೆ: ಗದ್ದೆ ಹಡಿಲು ಬಿದ್ದಿದೆ, ಕೆಲಸಕ್ಕೆ ಜನವಿಲ್ಲ, ಬೆಂಗಳೂರಿನವರು ಕೇಳುತ್ತಿದ್ದಾರೆ, ಕೊಟ್ಟುಬಿಡೋಣವೇ? ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಬೇರೆ ದಾರಿಯೇ ಇಲ್ಲದೆ ಮಾರುವವರನ್ನು ನಾವು ದೂರುವುದಿಲ್ಲ. ಆದರೆ ನೊಯ್ಡಾದಲ್ಲಿ ಒಂದು ಕೋಣೆಯ ಮನೆಗೆ ಮುಂಗಡ ಕೊಡಲೆಂದು ಅಜ್ಜನ ಡಿಕ್ಲರೇಷನ್ ಗದ್ದೆಯನ್ನು ಮಾರುವ ಮುಂಚೆ ಒಂದು ರಾತ್ರಿ ಯೋಚಿಸಿರಿ. 2020ರಲ್ಲೇ ಲಾಕ್‌ಡೌನ್ ಬಂದು ಹೋಟೆಲುಗಳು ಮುಚ್ಚಿದಾಗ ನಮ್ಮಲ್ಲಿ ಎಷ್ಟು ಜನ ಆ ಗದ್ದೆಯ ಅಂಚಿಗೇ ಹೋಗಿ ನಿಂತೆವೆಂಬುದನ್ನು ನೆನೆಯಿರಿ. ಬೀಳುಬಿಟ್ಟ ಗದ್ದೆಯನ್ನು ನೆರೆಯ ಉಳುವವನೊಡನೆ ಸೇರಿ ಬೆಳೆಯಬಹುದು. ನಾವೇ ಹೊಸ ಧಣಿಗಳಾಗುವುದು ಬೇಡ.

ದಿಲ್ಲಿಯಲ್ಲಿ ಕುಳಿತು ನಾವೇನು ಮಾಡಬಲ್ಲೆವು? ದೊಡ್ಡ ಮಾತುಗಳನ್ನು ಬಿಡೋಣ. ರಾತ್ರಿ ಮೂರು ಗಂಟೆಗೆ ಎದ್ದು ಆಜಾದಪುರಕ್ಕೋ ಗಾಜೀಪುರಕ್ಕೋ ಓಖ್ಲಾಕ್ಕೋ ಹೋಗಿ ಮೂಟೆ ಆರಿಸುವವರು ನಮ್ಮವರೇ. ಮಾಲಿಕರು ದುಡ್ಡು ಕೊಡುತ್ತಾರೆ, ಆರಿಸುವ ಕಣ್ಣು ನಮ್ಮದು. ಈ ಕಣ್ಣಿಗೆ ಒಂದು ಅಧಿಕಾರವಿದೆಯೆಂಬುದನ್ನು ನಾವು ಮರೆತಿದ್ದೇವೆ. ಹೊರವಲಯದ ಹಳ್ಳಿಗಳಿಂದ ತಲೆಹೊರೆಯಲ್ಲಿ, ಸೈಕಲಿನಲ್ಲಿ ಸೊಪ್ಪು ತರುವವನಿಂದ ನೇರವಾಗಿ ಕೊಳ್ಳುವುದು ಸಾಧ್ಯವಿರುವಲ್ಲಿ ಕೊಳ್ಳಬಹುದು. ಎಲ್ಲಿ ಬೆಳೆದದ್ದು, ಯಾವ ನೀರು ಎಂದು ಕೇಳಬಹುದು. ಚಳಿಗಾಲದಲ್ಲಿ ಮೂಲಂಗಿ ರಾಶಿಬಿದ್ದಿರುವಾಗ ಮೂಲಂಗಿಯ ಹುಳಿ, ಪಾಲಕು ಅಗ್ಗವಾದಾಗ ಸೊಪ್ಪಿನ ಸಾರು ಎಂದು ಭಟ್ಟರು ಸೂಚಿಸಿದರೆ ಮಾಲಿಕರು ಬೇಡವೆನ್ನುವ ಪ್ರಮೇಯವಿಲ್ಲ, ಏಕೆಂದರೆ ಅವರಿಗೂ ಖರ್ಚು ಕಡಿಮೆ. ಬಾರದ ಕಾಲದಲ್ಲಿ ಬಾರದ ತರಕಾರಿಯನ್ನು ಎರಡು ಸಾವಿರ ಕಿಲೋಮೀಟರು ದೂರದಿಂದ ತರಿಸಿ ಬೆಲೆ ಏರಿತೆಂದು ಗೋಳಾಡುವುದಕ್ಕಿಂತ ಇದು ಲೇಸು.

ಎರಡನೆಯದು ನಮ್ಮ ಸ್ವಂತ ಊಟ. ಹಗಲೆಲ್ಲ ಇನ್ನೊಬ್ಬರಿಗೆ ಬಡಿಸಿ ರಾತ್ರಿ ಹನ್ನೊಂದಕ್ಕೆ ಉಳಿದ ಅನ್ನಕ್ಕೆ ಉಳಿದ ಸಾಂಬಾರು ಸುರಿದುಕೊಳ್ಳುವ ಬದುಕು ನಮ್ಮದು. ಹಾಸನದವನಿಗೆ ಮುದ್ದೆಯ, ಕಲಬುರಗಿಯವನಿಗೆ ಜೋಳದ ರೊಟ್ಟಿಯ, ಕರಾವಳಿಯವನಿಗೆ ಗಂಜಿಯ ಹಂಬಲ ಹೋಗಿಲ್ಲ. ರಜೆಯಿಂದ ಮರಳುವಾಗ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸೀಟಿನ ಕೆಳಗೆ ಹತ್ತು ಕಿಲೋ ರಾಗಿಹಿಟ್ಟು, ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಕುಚ್ಚಲಕ್ಕಿಯ ಗಂಟು ತಂದು ಗೆಳೆಯರಿಗೆ ಹಂಚದವರು ಯಾರಿದ್ದಾರೆ? ಒಬ್ಬೊಬ್ಬರು ಮಾಡುವ ಈ ಕೆಲಸವನ್ನು ಸಂಘವೇ ಒಟ್ಟಾಗಿ ಮಾಡಬಾರದೇಕೆ? ನಾಡಿನ ಸಣ್ಣ ರೈತರ ಗುಂಪುಗಳಿಂದ ಬೆಂಬಲ ಬೆಲೆಗೆ ಕಡಿಮೆಯಾಗದ ದರ ಕೊಟ್ಟು ನೇರವಾಗಿ ಮೂಟೆಗಳಲ್ಲಿ ತರಿಸಿದರೆ, ರೈಲಿನ ಬಾಡಿಗೆ ಸೇರಿಸಿಯೂ ಬಣ್ಣದ ಪೊಟ್ಟಣದ ಅರ್ಧ ಬೆಲೆಗೆ ರಾಗಿ ಜೋಳಗಳು ನಮ್ಮ ಕೋಣೆಗಳನ್ನು ಮುಟ್ಟಬಹುದೆಂದು ನಮ್ಮ ಲೆಕ್ಕ. ಲೆಕ್ಕ ತಪ್ಪಿದ್ದರೆ ಬಲ್ಲವರು ತಿದ್ದಲಿ. ಹಾಸನದಿಂದ ರಾಗಿ ತರಿಸುವುದು ಸ್ಥಳೀಯ ಆಹಾರವೇ ಎಂದು ಯಾರಾದರೂ ತರ್ಕ ತೆಗೆದರೆ, ಗಿರಾಕಿಗೆ ಇಲ್ಲಿಯ ಮೂಲಂಗಿ, ನಮಗೆ ಊರಿನ ರಾಗಿ ಎಂದು ಉತ್ತರ ಕೊಡುತ್ತೇವೆ. ಎರಡೂ ಸಣ್ಣ ರೈತನದ್ದಾಗಿದ್ದರೆ ನಮಗೆ ಸಾಕು.

ಮೂರನೆಯದು ಸ್ವಲ್ಪ ಧೈರ್ಯದ ಕೆಲಸ. ಖಾದರಿನ ರೈತರು ತಮ್ಮ ಗುಡಿಸಲುಗಳನ್ನು ಕೆಡವದಿರೆಂದು, ಶುದ್ಧ ನೀರಿನ ಭಾಗದಲ್ಲಾದರೂ ಬೇಸಾಯಕ್ಕೆ ಅವಕಾಶ ಕೊಡಿರೆಂದು, ಎಬ್ಬಿಸುವುದಾದರೆ ಬೇರೆ ನೆಲ ತೋರಿಸಿರೆಂದು ಅರ್ಜಿ ಹಿಡಿದು ಅಲೆಯುತ್ತ ಬಂದಿದ್ದಾರೆ. ಆ ಅರ್ಜಿಗಳ ಕೆಳಗೆ ವಕೀಲರ, ಪ್ರೊಫೆಸರುಗಳ ರುಜುಗಳು ಬಿದ್ದಿವೆ. ಅವರ ತರಕಾರಿಯನ್ನು ದಿನವೂ ಮುಟ್ಟುವ ಅಡುಗೆಯವರ, ಕ್ಲೀನರುಗಳ, ಸಪ್ಲೈಯರುಗಳ ರುಜುಗಳೂ ಬೀಳಬೇಕು. ಭಾಷೆ ಬೇರೆಯಾದರೇನು, ಅವರೂ ಊರು ಬಿಟ್ಟು ಬಂದವರು, ನಾವೂ ಊರು ಬಿಟ್ಟು ಬಂದವರು.

ರಾಗಿಯ ಮೂಟೆಯ ವಿಚಾರವನ್ನೂ ರುಜುವಿನ ವಿಚಾರವನ್ನೂ ಸಂಘದ ಮುಂದಿನ ಸಾಮಾನ್ಯ ಸಭೆಯಲ್ಲಿ ಇಡಲಿದ್ದೇವೆ. ಹೋಟೆಲುಗಳಲ್ಲಿ ಮಂಡಿಯ ಖರೀದಿ ನೋಡಿಕೊಳ್ಳುವ ಸದಸ್ಯರು ತಾವು ಕೊಳ್ಳುವ ತರಕಾರಿ ಯಾವ ಯಾವ ಹಳ್ಳಿಯಿಂದ ಬರುತ್ತದೆಂಬುದನ್ನು ಒಂದು ವಾರ ಚೀಟಿಯಲ್ಲಿ ಗುರುತುಹಾಕಿಕೊಂಡು ಬರಬೇಕೆಂದು ಕೋರುತ್ತೇವೆ. ರಾತ್ರಿ ಪಾಳಿಯವರಿಗೆ ಅನುಕೂಲವಾಗಲೆಂದು ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ, ಊಟದ ಗದ್ದಲ ಮುಗಿದು ಸಂಜೆಯ ಕಾಫಿಯ ಗದ್ದಲ ಆರಂಭವಾಗುವ ಮುಂಚೆ, ಇಟ್ಟುಕೊಳ್ಳಲಾಗುವುದು.